ಮೂರು ಬೆರಳಿನ ಮಡಿಕೆ

ಬಂದದ್ದೇ ಚೌಕಾಸಿಗೆ ಇಳಿದಳು
ಶ್ಮೀನ್ ಪಟ್ಟಣದ ದೋಣಿಗಟ್ಟೆಯಲ್ಲಿ
ಚನ್ನಂಗಿ ಬೇಳೆ ಮಾರುವ ತೆಹಾತ್.
ಕಂಕುಳಲ್ಲಿ ಕೂಸು, ಉಗುರಲ್ಲಿ ಹೊಟ್ಟು.
"ತಗೋಶೆ, ಅಂಗಿ ದೊಡ್ಡದಿರಲಿ.
ಇವನು ಬೆಳೀತಾನೆ.
ಒಂದರ ದುಡ್ಡಿಗೆ ನಾಲ್ಕು ವರ್ಷ ಬರಬೇಕು."

ಮಗ್ಗದವರಿಗೆ ಈ ಮಾತು ಹಳತು.
ತಾಯಂದಿರು ಬಟ್ಟೆ ಕೊಳ್ಳುವುದು
ಎದುರಿಗಿರುವ ಮಗುವಿಗಲ್ಲ,
ಇನ್ನೂ ಬಾರದ ಇನ್ನೊಬ್ಬನಿಗೆ.

ಅಗಸೆ ನಾರು ಒದ್ದೆಯಾದರೆ
ತಾನಾಗಿ ಎಡಕ್ಕೆ ಹೊರಳುತ್ತದೆ.
ನಾವೂ ಕದಿರನ್ನು ಎಡಕ್ಕೇ ತಿರುಗಿಸುತ್ತೇವೆ.
ನಾರಿನೊಡನೆ ಹಟ ಮಾಡಿ ಗೆದ್ದವರಿಲ್ಲ.

ತೋಳಿನಿಂದ ತೋಳಿಗೆ ಅಡ್ಡಡ್ಡ ನೆಯ್ದೆ,
ಕೊರಳಿಗೊಂದು ಸೀಳು ಬಿಟ್ಟೆ.
ಮಗ್ಗದಿಂದ ಇಳಿದ ಅಂಗಿ
ನೆಲದ ಮೇಲೆ ಹರಡಿದರೆ ಥೇಟ್ ಶಿಲುಬೆ.
ಅದಕ್ಕೆ ಯಾರೂ ಮಣಿಯುವುದಿಲ್ಲ.
ಒಗೆದು ಹಿಂಡುತ್ತಾರೆ.

ಭುಜಕ್ಕೆ ಏನು ಬೇಕೆಂದು ಕೇಳಿದೆ.
ಮಾದರಿ ಹಾಳೆಯಲ್ಲಿ ದ್ರಾಕ್ಷಿ ಬಳ್ಳಿಯಿತ್ತು,
ಬಳ್ಳಿ ಹಿಡಿದು ಕುಣಿಯುವ ಹಳೆಯ ದೇವರಿದ್ದ,
ಮಠದ ಹಿರಿಯರು ಕಂಡರೆ ಹಾಳೆ ಸುಟ್ಟಾರು.
"ಮೊಲ ಹಾಕು" ಎಂದಳು.
ಮೊಲಕ್ಕೆ ಯಾವ ಮತವೂ ಇಲ್ಲವಲ್ಲ, ಹಾಕಿದೆ.

ಬಣ್ಣ ಬಡವರ ನೇರಳೆ:
ಕಡಲ ಚಿಪ್ಪಿನದಲ್ಲ,
ಮಂಜಿಷ್ಠದ ಕೆಂಪಿನ ಮೇಲೆ ನೀಲಿ ಅದ್ದಿದ್ದು.
ಓಡುತ್ತ ಹಿಂದಿರುಗಿ ನೋಡುವ ಮೊಲ,
ಕಣ್ಣಿಗೆ ಒಂಟಿ ಎಳೆ ಬಿಳಿ ನೂಲು.
ಉಣ್ಣೆ ಮುಗಿದು ಒಂದು ಕಿವಿ ಗಿಡ್ಡವಾಯಿತು.
ತೆಹಾತ್ ಅದಕ್ಕೂ ಎರಡು ಕಾಸು ಮುರಿದುಕೊಂಡಳು.

ಅಂಗಿ ಹಿಮ್ಮಡಿಗೆ ತಾಗುತ್ತಿತ್ತು.
ಸೊಂಟದಲ್ಲಿ ಸುತ್ತಲೂ
ಮೂರು ಬೆರಳಿನ ಮಡಿಕೆ ಹಿಡಿದು ಹೊಲಿದೆ,
ಉದ್ದುದ್ದ ಟಾಕೆ,
ಒಂದೆಳೆ ಎಳೆದರೆ ಅಷ್ಟೂ ಬಿಚ್ಚಿಕೊಳ್ಳುವಂತೆ.
"ಮುಂದಿನ ನೆರೆಗೆ ಬಾ, ಬಿಚ್ಚಿಕೊಡುತ್ತೇನೆ,
ಕೂಲಿ ಬೇಡ" ಎಂದೆ.
ಆ ಮೊಲದ ಕಿವಿ ನನಗೆ ಚುಚ್ಚುತ್ತಿತ್ತು.

ನದಿ ಏರಿತು, ಇಳಿಯಿತು.
ಅವಳು ಬರಲಿಲ್ಲ.
ತೋಬೆ ತಿಂಗಳ ಚಳಿಯಲ್ಲೇ ಕೂಸನ್ನು
ಆಚೆ ದಿಬ್ಬದ ಮರಳಿಗೆ ಒಯ್ದರಂತೆ,
ಅದೇ ಅಂಗಿಯಲ್ಲಿ, ಮಡಿಕೆ ಮಡಿಕೆಯಾಗಿಯೇ.
ನಾನು ಆ ದಿನ ಬೇರೆ ಯಾರದೋ
ಪರದೆಯ ಹಾಸು ಹೂಡುತ್ತಿದ್ದೆ.
ಮಗ್ಗ ನಿಲ್ಲಿಸಲಿಲ್ಲ.
ಹೇಳಬಾರದು, ಆದರೂ ಹೇಳುತ್ತೇನೆ:
ಎರಡು ಕಾಸಿನ ನೆನಪು ಇನ್ನೂ ಹೋಗಿರಲಿಲ್ಲ.

ಆಮೇಲೆ ಮರಳು.
ಮರಳಿಗೆ ಲೆಕ್ಕ ಬರುವುದಿಲ್ಲ.

ಗುದ್ದಲಿ ಹಿಡಿದವರು ಬಂದರು,
ಅವರ ಹಿಂದೆ ಕತ್ತರಿ ಹಿಡಿದವರು.
ಮೊಲವನ್ನು ದುಂಡಗೆ ಕತ್ತರಿಸಿ
ಕಾಗದಕ್ಕೆ ಅಂಟಿಸಿ
ಹಡಗು ಹತ್ತಿಸಿದರು.
ಓಡುತ್ತಲೇ ಇತ್ತು, ಹೋಯಿತು.
ಬರೀ ಬಿಳಿಯದನ್ನು ಯಾರು ಕೊಳ್ಳುತ್ತಾರೆ?
ನನ್ನ ಹಾಸು, ನನ್ನ ಹೊಕ್ಕು, ಇಪ್ಪತ್ತು ದಿನದ ಬೆನ್ನುನೋವು
ಚಿಂದಿಯ ಗಂಟಿಗೆ ಬಿತ್ತು.

ಈಗ ಕೈರೋದ ಒಂದು ಕೋಣೆ.
ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ತಣ್ಣನೆ ದೀಪ.
ವೆರೀನಾ ಎಂಬ ಹುಡುಗಿ
ಉಸಿರು ಬಿಗಿಹಿಡಿದು ಗಂಟು ಬಿಚ್ಚುತ್ತಾಳೆ.
ವಹಿಯಲ್ಲಿ ಬರೆಯುತ್ತಾಳೆ:
ಮಗುವಿನ ಅಂಗಿ. ನಾರುಬಟ್ಟೆ. ಕಂದು ಕಲೆ.
ಎಡಭುಜದಲ್ಲಿ ದುಂಡನೆ ತೂತು.
ಲೇಖನಿ ನಿಲ್ಲುತ್ತದೆ.
ಬೆರಳು ಸೊಂಟದ ದಪ್ಪಕ್ಕೆ ತಾಗಿದೆ.

ಒಂದೆಳೆ ಎಳೆದರೆ ಸಾಕು, ಹುಡುಗಿ.
ಒಳಗೆ ನಾನು ಇಳಿಸಿದ ದಿನದ ಬಿಳುಪು ಹಾಗೇ ಇದೆ,
ಬಿಸಿಲೂ ಕಾಣದ, ಬೆವರೂ ಕಾಣದ
ನಾಲ್ಕು ವರ್ಷ.

ಅವಳು ಎಳೆಯುವುದಿಲ್ಲ.
ಚಿಮಟದ ತುದಿಯಿಂದ
ಎರಡು ಟಾಕೆಗಳ ನಡುವೆ ತುಸುವೇ ಅಗಲಿಸಿ ಇಣುಕುತ್ತಾಳೆ.
ಅಲ್ಲಿ ಕುಳಿತಿದೆ ಒಂದು ಚನ್ನಂಗಿ ಕಾಳು,
ತಾಯಿಯ ಮಡಿಲಿಂದ ಯಾವಾಗಲೋ ಜಾರಿದ್ದು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವವರು ಎನ್ನಲಿ.
ಅವಳು ಕಾಳನ್ನು ತೆಗೆಯಲಿಲ್ಲ.
ವಹಿಗೆ ಇನ್ನೊಂದು ಸಾಲು ಸೇರಿಸಿ
ದೀಪ ಆರಿಸಿದಳು:
ಸೊಂಟದಲ್ಲಿ ಮಡಿಕೆ. ಬಿಚ್ಚಿಲ್ಲ.